ಅಜ್ಜ-ಅಜ್ಜಿಯ ಮನೆಯೆಂಬ ಧರ್ಮೋಪದೇಶ ಶಾಲೆ



ಜುಲೈ 26ರಂದು ಧರ್ಮಸಭೆಯು ಮಾತೆ ಮರಿಯಮ್ಮನವರ ತಂದೆ-ತಾಯಿಗಳಾದ ಸಂತ ಜೋಕಿಂ ಮತ್ತು ಸಂತ ಅನ್ನಮ್ಮನವರ ಹಬ್ಬವನ್ನು ಆಚರಿಸುತ್ತದೆ. ಇವರು ಯೇಸುಸ್ವಾಮಿಯ ಅಜ್ಜ-ಅಜ್ಜಿ. ಇವರ ಹೆಸರುಗಳು ಬೈಬಲಿನಲ್ಲಿಲ್ಲ. ಎರಡನೆಯ ಶತಮಾನದ ಒಂದು ಬರಹದಿಂದ ಮತ್ತು ಧರ್ಮಸಭೆಯ ಪರಂಪರೆಯಿಂದ ನಮಗೆ ತಿಳಿದುಬಂದಿವೆ. ಅವರಾಡಿದ ಒಂದು ಮಾತೂ ಬೈಬಲಿನಲ್ಲಿಲ್ಲ. ಆದರೆ ಅವರು ಬೆಳೆಸಿದ ಮಗಳು ದೇವರ ಕರೆಗೆ ಒಪ್ಪಿಗೆ ಕೊಟ್ಟರು. ಹಿರಿಯರ ಸೇವೆ ಹೀಗೆಯೇ. ಹೆಸರು ಮರೆಯಲ್ಲಿ, ಫಲ ಎದುರಿನಲ್ಲಿ.

ಈ ಹಬ್ಬದ ಸಮೀಪದಲ್ಲೇ ಬರುವಂತೆ, ಜುಲೈ ತಿಂಗಳ ನಾಲ್ಕನೆಯ ಭಾನುವಾರವನ್ನು ಅಜ್ಜ-ಅಜ್ಜಿಯರ ಹಾಗೂ ವೃದ್ಧರ ವಿಶ್ವ ದಿನವೆಂದು ಜಗದ್ಗುರು ಫ್ರಾನ್ಸಿಸರು 2021ರಲ್ಲಿ ಘೋಷಿಸಿದರು. ಶವದ ಬಟ್ಟೆಗೆ ಜೇಬಿರುವುದಿಲ್ಲವೆಂದು ತಮ್ಮ ಅಜ್ಜಿ ಹೇಳುತ್ತಿದ್ದುದನ್ನು ಅವರು 2013ರ ಗರಿಗಳ ಭಾನುವಾರದ ಪ್ರಬೋಧನೆಯಲ್ಲಿ ನೆನೆದಿದ್ದರು. ಮನೆಯಲ್ಲಿ ಅಜ್ಜಿ ಆಡಿದ ಮಾತು ರೋಮಿನವರೆಗೂ ಹೋಯಿತು.

ಶಿರಾಳಕೊಪ್ಪದ ಸುತ್ತಲಿನ ನಮ್ಮ ಮನೆಗಳನ್ನೇ ನೋಡೋಣ. ಮಕ್ಕಳು ಬೆಂಗಳೂರು, ಕೊಲ್ಲಿ ದೇಶಗಳನ್ನು ಸೇರಿದ್ದಾರೆ. ನಿವೃತ್ತರಾದ ಅಜ್ಜ ಹಿತ್ತಲಿನ ಬಸಳೆ ಚಪ್ಪರ ಕಟ್ಟುತ್ತಾರೆ, ಭದ್ರಾವತಿ ಆಕಾಶವಾಣಿ ಕೇಳುತ್ತಾರೆ, ಪತ್ರಿಕೆ ಓದುತ್ತಾರೆ. ಅಜ್ಜಿ ಉಲ್ಲನ್ ಹೆಣೆಯುತ್ತಾರೆ, ಹಲಸಿನ ಹಪ್ಪಳ ಒತ್ತುತ್ತಾರೆ, ಸಂಜೆ ಜಪಸರ ಹಿಡಿಯುತ್ತಾರೆ. ಕೇಳಿದರೆ, "ಏನೋ ಹೊತ್ತು ಹೋಗಬೇಕಲ್ಲ" ಎನ್ನುತ್ತಾರೆ. ರಜೆಗೆ ಮೊಮ್ಮಗು ಬಂದ ಕೂಡಲೇ ಇವೆಲ್ಲ ನಿಲ್ಲುತ್ತವೆ. ಮಗುವಿಗೆ ಬೇಜಾರಾಗದಿರಲೆಂದು ಕೈಗೆ ಮೊಬೈಲು ಬರುತ್ತದೆ. ಹತ್ತು ದಿನ ಕಳೆದು ಮಗು ಬಸ್ಸು ಹತ್ತುವಾಗ ಅಜ್ಜನ ಮನೆಯಿಂದ ಅದು ಕೊಂಡೊಯ್ಯುವುದೇನು?

ನಾವು ಹೇಳಬಯಸುವುದು ಇಷ್ಟೇ: ಆ ಕೆಲಸಗಳನ್ನು ನಿಲ್ಲಿಸಬೇಡಿ, ಮಗುವನ್ನು ಅವುಗಳೊಳಗೆ ಕರೆದುಕೊಳ್ಳಿ. "ಬಾ ಪುಟ್ಟಾ, ಹೀರೆಬೀಜ ಹಾಕೋಣ" ಎಂದರೆ ಸಾಕು. ಬೀಜ ಹಾಕುವುದು, ನೀರು ಹೊಯ್ಯುವುದು ನಮ್ಮ ಕೈಯಲ್ಲಿದೆ, ಮೊಳೆಯಿಸುವುದು ನಮ್ಮ ಕೈಯಲ್ಲಿಲ್ಲ ಎಂಬುದನ್ನು ಮಗು ಮಣ್ಣಿನಲ್ಲೇ ಕಲಿಯುತ್ತದೆ. ಪ್ರಭು ಹೇಳಿದ ಬೀಜದ ಸಾಮತಿ ಮುಂದೆ ಅದಕ್ಕೆ ಸುಲಭವಾಗಿ ಅರ್ಥವಾಗುತ್ತದೆ. ಇಂಗ್ಲಿಷ್ ಮಾಧ್ಯಮದ ಮಗು ಅಜ್ಜನ ಪಕ್ಕದಲ್ಲಿ ಕೂತು ಪತ್ರಿಕೆಯ ತಲೆಬರಹ ಓದಿದರೆ, ಬಲಿಪೂಜೆಯ ಕನ್ನಡ ಪ್ರಾರ್ಥನೆ ಅದಕ್ಕೆ ಅಪರಿಚಿತವಾಗುವುದಿಲ್ಲ. ಹಪ್ಪಳಕ್ಕೆ ಕಾಗೆ ಕಾಯುವ ಹೊತ್ತಿನಲ್ಲಿ ಅಜ್ಜಿಯ ಬಾಯಿಂದ ಮನೆತನದ ಕಷ್ಟಸುಖದ ಕಥೆ ಬರುತ್ತದೆ. ಆ ಕಷ್ಟದಲ್ಲಿ ದೇವರು ಕೈಬಿಡಲಿಲ್ಲವೆಂಬ ಸಾಕ್ಷ್ಯವೂ ಬರುತ್ತದೆ.

ಸಂತ ಪೌಲರು ತಿಮೊಥೇಯನಿಗೆ ಬರೆದ ಎರಡನೆಯ ಪತ್ರದಲ್ಲಿ, ಅವನ ವಿಶ್ವಾಸ ಮೊದಲು ಅಜ್ಜಿ ಲೋವಿಯಲ್ಲಿ, ಬಳಿಕ ತಾಯಿ ಯೂನೀಕೆಯಲ್ಲಿ ನೆಲೆಸಿತ್ತೆಂದು ನೆನಪಿಸುತ್ತಾರೆ. ದೇವಾಲಯದಲ್ಲಿ ಸಿಮೆಯೋನರು ಬಾಲಯೇಸುವನ್ನು ಮೊದಲು ತೋಳಿನಲ್ಲಿ ಎತ್ತಿಕೊಂಡರು, ಮಾತನಾಡಿದ್ದು ಆಮೇಲೆ. ಈ ಕ್ರಮವನ್ನು ನಾವೂ ಗಮನಿಸಬೇಕು.

ನಮ್ಮೂರಿಗೆ ಹತ್ತಿರದ ತಾಳಗುಂದದಲ್ಲಿ 5ನೇ ಶತಮಾನದ ಶಾಸನಸ್ತಂಭವಿದೆ. ಕದಂಬ ರಾಜ್ಯ ಸ್ಥಾಪಿಸಿದ ಮಯೂರಶರ್ಮನು ಗುರು ವೀರಶರ್ಮನೊಡನೆ ವಿದ್ಯೆಗಾಗಿ ಕಂಚಿಗೆ ಹೋದನೆಂದು ಅದು ಹೇಳುತ್ತದೆ. ಈ ವೀರಶರ್ಮ ಅವನ ಅಜ್ಜನೂ ಹೌದೆಂದು ಇತಿಹಾಸ ಬರೆದವರು ಹೇಳುತ್ತಾರೆ. ಹಿರಿಯನು ದಾರಿ ಹೇಳಿ ಕಳುಹಿಸಿ ಸುಮ್ಮನಾಗಲಿಲ್ಲ, ಜೊತೆಯಲ್ಲಿ ನಡೆದನು.

ಒಂದು ಎಚ್ಚರಿಕೆಯ ಮಾತು. ಮಗ-ಸೊಸೆ, ಮಗಳು-ಅಳಿಯ ಭಾನುವಾರದ ಪೂಜೆ ತಪ್ಪಿಸುತ್ತಾರೆಂಬ ನೋವು ಹಲವು ಮನೆಗಳಲ್ಲಿದೆ. ಆ ನೋವನ್ನು ಮಗುವಿನ ಮುಂದೆ ದೂರಾಗಿ ಹೇಳಬೇಡಿ. ದೂರು ಹೆಚ್ಚಾದರೆ ಮುಂದಿನ ರಜೆಗೆ ಮಗು ಬರುವುದೇ ಕಷ್ಟ. ಸಂಜೆ ನೀವು ಮೊಣಕಾಲೂರಿ. ಮಗು ತಾನಾಗಿ ಪಕ್ಕಕ್ಕೆ ಬರುತ್ತದೆ. ತಂದೆ-ತಾಯಿಗಳೇ, ಪ್ರವಾಸಕ್ಕೆ ಹಣ ಕೂಡಿಡುವಂತೆ ಅಜ್ಜನ ಮನೆಗೆ ದಿನಗಳನ್ನು ಕೂಡಿಡಿ. ದಸರಾ ಮತ್ತು ಕ್ರಿಸ್ಮಸ್ ರಜೆ ದೂರವಿಲ್ಲ.

ಮೊಮ್ಮಕ್ಕಳೇ ಬಾರದ ಮನೆಗಳೂ ನಮ್ಮ ಧರ್ಮಕೇಂದ್ರಗಳಲ್ಲಿವೆ. ಈ ಹಬ್ಬದಂದು ನಮ್ಮ ಮಕ್ಕಳ ಕೈ ಹಿಡಿದು ಆ ಬಾಗಿಲುಗಳನ್ನು ತಟ್ಟೋಣ. ಹಿರಿಯರ ಹಿತ್ತಲಿನಲ್ಲಿ ಮಗುವೊಂದು ಬೀಜ ಹಾಕಲಿ.

ಸಂತ ಜೋಕಿಂ ಮತ್ತು ಸಂತ ಅನ್ನಮ್ಮನವರೇ, ನಮ್ಮ ಹಿರಿಯರಿಗಾಗಿ, ನಮ್ಮ ಮಕ್ಕಳಿಗಾಗಿ ಪ್ರಾರ್ಥಿಸಿರಿ. ಆಮೆನ್.