ಎರಡು ವಾರ ಕಳೆದರೂ ಆರದ ಹುಣ್ಣು: ಬಾಯಿ-ಗಂಟಲ ಕ್ಯಾನ್ಸರ್ ಬಗ್ಗೆ ಸಂಶೋಧನೆ ಹೇಳಿದ್ದೇನು, ನಾವು ಮಾಡಬೇಕಾದ್ದೇನು?

ಈ ಸಂಚಿಕೆಯಲ್ಲಿ ಬಾಯಿ, ಗಂಟಲು ಮತ್ತು ಕುತ್ತಿಗೆಯ ಕ್ಯಾನ್ಸರ್ ಬಗ್ಗೆ ಮಾತಾಡೋಣ. ಕೂಡ್ಲಿಗಿ, ಕೊಟ್ಟೂರು, ಹಗರಿಬೊಮ್ಮನಹಳ್ಳಿ, ಹಡಗಲಿ, ಹರಪನಹಳ್ಳಿ, ಈ ಐದು ತಾಲ್ಲೂಕಿನ ಕೇಳುಗರನ್ನು ಮನಸ್ಸಿನಲ್ಲಿ ಇಟ್ಟುಕೊಂಡೇ ಮಾತಾಡ್ತೀನಿ. ಯಾಕಂದ್ರೆ ದೊಡ್ಡ ಊರಿನ ಆಸ್ಪತ್ರೆಯ ಪಕ್ಕದಲ್ಲಿರುವವರಿಗೂ, ಶೇಂಗಾ ಕಿತ್ತು, ಮೆಕ್ಕೆಜೋಳ ಮಾರಿ, ಆಮೇಲೆ ಬಸ್ ಹತ್ತಬೇಕಾದ ನಮ್ಮ ಕಡೆಯವರಿಗೂ ಈ ಕಾಯಿಲೆ ಒಂದೇ ಥರ ಕಾಣುವುದಿಲ್ಲ.

ಮೊದಲು ಹೆಸರಿನ ಗೊಂದಲ ಬಿಡಿಸೋಣ. ವೈದ್ಯರು 'ತಲೆ ಮತ್ತು ಕುತ್ತಿಗೆ ಕ್ಯಾನ್ಸರ್' ಅಂದಾಗ ಮೆದುಳಿನ ಗಡ್ಡೆ ಅಂತ ಹಲವರು ತಿಳಿದುಕೊಳ್ತಾರೆ. ಅದಲ್ಲ. ತುಟಿ, ನಾಲಿಗೆ, ಕೆನ್ನೆಯ ಒಳಭಾಗ, ವಸಡು, ಅಂಗಳ, ಗಂಟಲು, ಧ್ವನಿಪೆಟ್ಟಿಗೆ, ಮೂಗಿನ ಒಳಭಾಗ, ಜೊಲ್ಲು ಗ್ರಂಥಿ, ಇಲ್ಲೆಲ್ಲ ಬರುವ ಕ್ಯಾನ್ಸರ್‌ಗಳನ್ನು ಒಟ್ಟಿಗೆ ಹಾಗೆ ಕರೆಯುತ್ತಾರೆ. ಇದರಲ್ಲಿ ನಮ್ಮ ದೇಶದಲ್ಲಿ ಅತಿ ಹೆಚ್ಚು ಕಾಣುವುದು ಬಾಯಿ ಕ್ಯಾನ್ಸರ್. 2022ರ ಜಾಗತಿಕ ಅಂದಾಜಿನ ಪ್ರಕಾರ ಭಾರತದಲ್ಲಿ ಒಂದೇ ವರ್ಷಕ್ಕೆ ಸುಮಾರು 1 ಲಕ್ಷ 43 ಸಾವಿರ ಹೊಸ ಪ್ರಕರಣ. ಗಂಡಸರಲ್ಲಿ ಇದೇ ಮೊದಲ ಸ್ಥಾನದ ಕ್ಯಾನ್ಸರ್.

ಕಾರಣ ಗುಟ್ಟಿನದ್ದೇನಲ್ಲ. ಅಮೆರಿಕ, ಯೂರೋಪಿನಲ್ಲಿ ಗಂಟಲ ಕ್ಯಾನ್ಸರ್‌ನ ದೊಡ್ಡ ಪಾಲು ಎಚ್‌ಪಿವಿ ಅನ್ನುವ ವೈರಸ್‌ನಿಂದ ಬರುತ್ತದೆ. ನಮ್ಮಲ್ಲಿ ಬಹುಪಾಲು ತಂಬಾಕು, ಅಡಿಕೆ, ಬೀಡಿ, ಸಾರಾಯಿ. ಎಲೆ-ಅಡಿಕೆ ಅಂದ್ರೆ ನಮಗೆ ಬರೀ ಚಟವಲ್ಲ, ಮರ್ಯಾದೆ. ಮದುವೆ, ಜಾತ್ರೆ, ಪಂಚಾಯಿತಿ ಕಟ್ಟೆ, ಎಲ್ಲಿ ಹೋದರೂ ಮೊದಲು ಬರುವುದು ಅದೇ ತಟ್ಟೆ. ಅದಕ್ಕೇ ಈ ಮಾತು ಹೇಳುವುದು ಕಷ್ಟ. ಆದರೂ ಹೇಳಲೇಬೇಕು: ತಂಬಾಕು ಇಲ್ಲದ ಬರೀ ಅಡಿಕೆಯನ್ನೂ ವಿಶ್ವ ಆರೋಗ್ಯ ಸಂಸ್ಥೆಯ ಕ್ಯಾನ್ಸರ್ ಸಂಶೋಧನಾ ಸಂಸ್ಥೆ 2004ರಲ್ಲೇ ಮನುಷ್ಯರಿಗೆ ಕ್ಯಾನ್ಸರ್ ತರುವ ವಸ್ತುಗಳ ಮೊದಲ ಗುಂಪಿಗೆ ಸೇರಿಸಿದೆ. ಅದೇ ಸಂಸ್ಥೆಯ 2024ರ ಲೆಕ್ಕದಂತೆ ಜಗತ್ತಿನ ಮೂರು ಬಾಯಿ ಕ್ಯಾನ್ಸರ್‌ಗಳಲ್ಲಿ ಒಂದು, ಹೊಗೆಯಿಲ್ಲದ ತಂಬಾಕು ಮತ್ತು ಅಡಿಕೆಯ ಫಲ. ಅದರಲ್ಲಿ ಭಾರತದ್ದೇ ಸುಮಾರು 83 ಸಾವಿರ.

ಕರ್ನಾಟಕದಲ್ಲಿ ಗುಟ್ಕಾ 2013ರಲ್ಲೇ ನಿಷೇಧ ಆಗಿದೆ. ಆದರೆ ಪಾನ್ ಮಸಾಲ ಒಂದು ಚೀಟಿ, ತಂಬಾಕು ಇನ್ನೊಂದು ಚೀಟಿ. ಎರಡನ್ನೂ ಅಂಗೈಯಲ್ಲಿ ಸುರಿದುಕೊಂಡರೆ ಮತ್ತೆ ಗುಟ್ಕಾನೇ. ಗುಳೆ ಹೋದಲ್ಲಿ ಕಬ್ಬು ಕಡಿಯುವಾಗ, ರಾತ್ರಿ ಲಾರಿ ಓಡಿಸುವಾಗ ಹಸಿವು, ನಿದ್ದೆ ತಡೆಯೋಕೆ ಅಂತ ಬಾಯಿಗೆ ಹಾಕಿಕೊಂಡದ್ದು ಆಮೇಲೆ ಬಿಡುವುದಿಲ್ಲ.

ಈಗ ಸಂಶೋಧನೆಗೆ ಬರೋಣ. ಸಂಶೋಧನೆ ಅಂದ ತಕ್ಷಣ ದೊಡ್ಡ ಯಂತ್ರ, ಕೋಟಿಗಟ್ಟಲೆ ದುಡ್ಡು ಅಂತ ಅನ್ನಿಸುತ್ತೆ. ಬಾಯಿ ಕ್ಯಾನ್ಸರ್ ವಿಷಯದಲ್ಲಿ ಜಗತ್ತೇ ತಿರುಗಿ ನೋಡಿದ ಅಧ್ಯಯನ ನಡೆದದ್ದು ನಮ್ಮ ಪಕ್ಕದ ಕೇರಳದ ಹಳ್ಳಿಗಳಲ್ಲಿ. ಅಲ್ಲಿ ಬಳಸಿದ್ದು ಬೆಳಕು ಮತ್ತು ಕಣ್ಣು, ಅಷ್ಟೇ.

1996ರಲ್ಲಿ ತಿರುವನಂತಪುರ ಜಿಲ್ಲೆಯ 13 ಪಂಚಾಯಿತಿ ಗುಂಪುಗಳನ್ನು ಆರಿಸಿಕೊಂಡರು. 35 ವರ್ಷ ದಾಟಿದ ಸುಮಾರು 1 ಲಕ್ಷ 91 ಸಾವಿರ ಜನ. ಕೆಲವು ಪಂಚಾಯಿತಿಗಳಲ್ಲಿ ತರಬೇತಿ ಪಡೆದ ಆರೋಗ್ಯ ಕಾರ್ಯಕರ್ತರು ಮನೆ ಮನೆಗೆ ಹೋಗಿ ಮೂರು ವರ್ಷಕ್ಕೊಮ್ಮೆ ಬಾಯಿ ನೋಡಿದರು. ಅವರು ಡಾಕ್ಟರಲ್ಲ ಅನ್ನೋದನ್ನು ಗಮನಿಸಿ. ಉಳಿದ ಪಂಚಾಯಿತಿಗಳಲ್ಲಿ ಎಂದಿನಂತೆ. 2005ರಲ್ಲಿ 'ಲ್ಯಾನ್ಸೆಟ್' ಪತ್ರಿಕೆಯಲ್ಲಿ ಫಲಿತಾಂಶ ಬಂತು. ತಂಬಾಕು ಅಥವಾ ಮದ್ಯ ಬಳಸುವವರಲ್ಲಿ, ಬಾಯಿ ನೋಡಿಸಿಕೊಂಡ ಕಡೆ ಬಾಯಿ ಕ್ಯಾನ್ಸರ್ ಸಾವು ಶೇ. 34ರಷ್ಟು ಕಡಿಮೆ. ಚಟವಿಲ್ಲದವರಲ್ಲಿ ಅಂಥ ಲಾಭ ಕಾಣಲಿಲ್ಲ. ಅಂದ್ರೆ ಎಲ್ಲರ ಬಾಯಿ ನೋಡುವುದಕ್ಕಿಂತ, ಜಗಿಯುವವರ, ಸೇದುವವರ, ಕುಡಿಯುವವರ ಬಾಯಿ ನೋಡುವುದರಲ್ಲಿ ಜೀವ ಉಳಿಯುತ್ತದೆ.

ಹಾಗಾದರೆ ಏನು ನೋಡಬೇಕು? ಕನ್ನಡಿ ಮುಂದೆ ನಿಂತು, ಬಾಯಿ ತೊಳೆದುಕೊಂಡು, ಮೊಬೈಲ್ ಟಾರ್ಚ್ ಹಾಕಿ. ತುಟಿ ಮಗುಚಿ ನೋಡಿ. ಎರಡೂ ಕೆನ್ನೆ ಒಳಗೆ, ವಸಡು, ಅಂಗಳ, ನಾಲಿಗೆಯ ಎರಡೂ ಅಂಚು, ನಾಲಿಗೆ ಎತ್ತಿ ಅದರ ಕೆಳಗೆ. ತಂಬಾಕು ಇಟ್ಟುಕೊಳ್ಳುವ ಜಾಗವನ್ನಂತೂ ಬಿಡಬೇಡಿ. ಎರಡು ವಾರ ಕಳೆದರೂ ಆರದ ಹುಣ್ಣು, ಉಜ್ಜಿದರೂ ಹೋಗದ ಬಿಳಿ ಮಚ್ಚೆ, ಕೆಂಪು ಮಚ್ಚೆ, ಗಂಟು, ಕಾರಣವಿಲ್ಲದೆ ಅಲ್ಲಾಡುವ ಹಲ್ಲು, ಕುತ್ತಿಗೆಯಲ್ಲಿ ಗಡ್ಡೆ, ಮೂರು ವಾರ ದಾಟಿದ ಗೊಗ್ಗರು ದನಿ, ನುಂಗುವಾಗ ತೊಂದರೆ, ಇವು ಎಚ್ಚರಿಕೆಯ ಗಂಟೆ. ಇನ್ನೊಂದು ಪರೀಕ್ಷೆ: ನಿಮ್ಮದೇ ಮೂರು ಬೆರಳನ್ನು ಒಂದರ ಮೇಲೊಂದು ಇಟ್ಟು ಹಲ್ಲುಗಳ ನಡುವೆ ತೂರಿಸಿ. ಹೋಗದಿದ್ದರೆ, ಖಾರ ತಿಂದರೆ ಬಾಯಿ ಉರಿಯುತ್ತಿದ್ದರೆ, ಅಡಿಕೆಯಿಂದ ಕೆನ್ನೆಯೊಳಗಿನ ಚರ್ಮ ಗಟ್ಟಿಯಾಗುತ್ತಾ ಇರಬಹುದು. ಅದು ಕ್ಯಾನ್ಸರ್ ಅಲ್ಲ, ಆದರೆ ಕ್ಯಾನ್ಸರ್‌ಗೆ ದಾರಿ ಆಗಬಲ್ಲದು.

ಇಲ್ಲೊಂದು ದೊಡ್ಡ ತಪ್ಪು ತಿಳಿವಳಿಕೆ. "ನೋವಿಲ್ಲಲ್ಲ, ಉಷ್ಣ ಆಗೇತಿ, ಮಜ್ಜಿಗಿ ಕುಡೀರಿ ಹೋಕ್ಕತಿ" ಅಂತ ನಮ್ಮ ಕಡೆ ಹೇಳ್ತಾರೆ. ಉಷ್ಣದ ಹುಣ್ಣು ಚುರುಚುರು ಅನ್ನುತ್ತೆ, ವಾರ ಹತ್ತು ದಿನದಲ್ಲಿ ಹೋಗುತ್ತೆ. ಕ್ಯಾನ್ಸರ್ ಹುಣ್ಣು ಶುರುವಿನಲ್ಲಿ ಹೆಚ್ಚಾಗಿ ನೋಯುವುದೇ ಇಲ್ಲ. ನೋವು ಬರುವ ಹೊತ್ತಿಗೆ ಅದು ಆಳಕ್ಕೆ ಇಳಿದಿರುತ್ತದೆ. ನೋವಿಲ್ಲ ಅನ್ನುವುದು ಸಮಾಧಾನಪಡುವ ವಿಷಯವಲ್ಲ.

ನೋಡಿದ ಮೇಲೆ ಖಚಿತ ಮಾಡಿಕೊಳ್ಳುವುದು ಹೇಗೆ? ಇದರಲ್ಲಿ ಕರ್ನಾಟಕದ ಕೆಲಸವೂ ಇದೆ. ಬೆಂಗಳೂರಿನ ಮಜುಂದಾರ್ ಶಾ ಕ್ಯಾನ್ಸರ್ ಕೇಂದ್ರ, ಕೆಎಲ್‌ಇ ದಂತ ವೈದ್ಯಕೀಯ ಸಂಸ್ಥೆ ಮತ್ತು ಬಯೋಕಾನ್ ಫೌಂಡೇಶನ್ ಸೇರಿ ಒಂದು ಪ್ರಯೋಗ ಮಾಡಿದವು. ಹಳ್ಳಿಯ ಆರೋಗ್ಯ ಕಾರ್ಯಕರ್ತೆ ಮೊಬೈಲ್‌ನಲ್ಲಿ ಬಾಯಿಯ ಫೋಟೊ ತೆಗೆದು ಕಳಿಸುತ್ತಾಳೆ, ದೂರದ ತಜ್ಞರು ನೋಡಿ ಹೇಳುತ್ತಾರೆ. ಇದರ ವರದಿ 2015ರಲ್ಲಿ ಪ್ರಕಟವಾಯಿತು. ಮುಂದೆ ಅಮೆರಿಕದ ಅರಿಜೋನಾ ವಿಶ್ವವಿದ್ಯಾಲಯದವರ ಜೊತೆ ಸೇರಿ, ಮಾಮೂಲಿ ಬೆಳಕು ಮತ್ತು ನೀಲಿ-ನೇರಳೆ ಬೆಳಕು ಎರಡರಲ್ಲೂ ಫೋಟೊ ತೆಗೆಯುವ, ಅದನ್ನು ಕಂಪ್ಯೂಟರ್ ವಿಂಗಡಿಸುವ ಮೊಬೈಲ್ ಸಾಧನವನ್ನೂ ರೂಪಿಸಿದರು. ಬಸ್ ಚಾರ್ಜ್ ಲೆಕ್ಕ ಹಾಕುವ ಊರಿಗೆ ಇಂಥ ಕೆಲಸದ ಬೆಲೆ ಗೊತ್ತಾಗುತ್ತದೆ.

ಆದರೆ ಫೋಟೊ ಅನುಮಾನ ಹೇಳುತ್ತದೆ, ತೀರ್ಮಾನ ಹೇಳುವುದಿಲ್ಲ. ತೀರ್ಮಾನಕ್ಕೆ ಬಯಾಪ್ಸಿ ಬೇಕು. ಹುಣ್ಣಿನ ಜಾಗ ಮರಗಟ್ಟಿಸಿ, ಅಕ್ಕಿ ಕಾಳಿನಷ್ಟು ತುಣುಕು ತೆಗೆದು ಸೂಕ್ಷ್ಮದರ್ಶಕದಲ್ಲಿ ನೋಡುವುದು. "ಕತ್ತರಿ ತಾಗಿದರೆ ಹಬ್ಬುತ್ತೆ" ಅನ್ನುವ ಭಯ ನಮ್ಮಲ್ಲಿ ಬಹಳ ಇದೆ. ಇದಕ್ಕೆ ಆಧಾರವಿಲ್ಲ. ಕ್ಯಾನ್ಸರ್ ಹಬ್ಬುವುದು ಕತ್ತರಿಯಿಂದಲ್ಲ, ಕಾಯುವುದರಿಂದ.

ಇನ್ನು ಚಿಕಿತ್ಸೆ. ಚಿಕ್ಕ ಹಂತದಲ್ಲಿ ಸಿಕ್ಕರೆ ಬಾಯಿ ಕ್ಯಾನ್ಸರ್‌ಗೆ ಮೊದಲ ಚಿಕಿತ್ಸೆ ಆಪರೇಷನ್. ಅಲ್ಲೊಂದು ಹಳೆಯ ಪ್ರಶ್ನೆ ಇತ್ತು. ಬಾಯಿಯ ಗಡ್ಡೆ ತೆಗೆಯುವಾಗಲೇ ಕುತ್ತಿಗೆಯ ಗ್ರಂಥಿಗಳನ್ನೂ ತೆಗೆಯಬೇಕೇ, ಅಥವಾ ಅಲ್ಲಿ ಗಂಟು ಕಾಣಿಸಿದಾಗ ತೆಗೆದರೆ ಸಾಕೇ? ಇದಕ್ಕೆ ಉತ್ತರ ಕೊಟ್ಟದ್ದು ಮುಂಬೈನ ಟಾಟಾ ಮೆಮೋರಿಯಲ್ ಆಸ್ಪತ್ರೆ. ಡಾ. ಅನಿಲ್ ಡಿಕ್ರೂಜ್ ಮತ್ತು ಸಂಗಡಿಗರು ಚೀಟಿ ಎತ್ತಿದ ಹಾಗೆ ರೋಗಿಗಳನ್ನು ಎರಡು ಗುಂಪು ಮಾಡಿ ನೋಡಿದರು. 2015ರಲ್ಲಿ ಪ್ರಕಟವಾದ 500 ರೋಗಿಗಳ ಫಲಿತಾಂಶ ಹೀಗಿದೆ: ಮೊದಲೇ ಕುತ್ತಿಗೆ ಆಪರೇಷನ್ ಆದವರಲ್ಲಿ ಮೂರು ವರ್ಷದ ನಂತರ ಶೇ. 80 ಮಂದಿ ಬದುಕಿದ್ದರು, ಕಾದು ನೋಡಿದವರಲ್ಲಿ ಶೇ. 67.5. ಹಾಗಾಗಿ "ಬಾಯಾಗಿನ ಹುಣ್ಣಿಗೆ ಕುತ್ತಿಗಿ ಯಾಕ್ರೀ ಕೊಯ್ತಾರ?" ಅಂತ ಮನೆಯವರು ಕೇಳಿದರೆ ಉತ್ತರ ಇದು. ಕಣ್ಣಿಗೆ ಕಾಣದ ಕ್ಯಾನ್ಸರ್ ಕಣ ಮೊದಲು ಹೋಗಿ ಕೂರುವುದು ಕುತ್ತಿಗೆಯ ಗ್ರಂಥಿಗಳಲ್ಲೇ.

ರೋಗ ಮುಂದುವರಿದಿದ್ದರೆ ರೇಡಿಯೇಷನ್, ಜೊತೆಗೆ ಸಿಸ್‌ಪ್ಲಾಟಿನ್‌ನಂಥ ಔಷಧ. ರೇಡಿಯೇಷನ್ ಅಂದ್ರೆ ವಾರಕ್ಕೆ ಐದು ದಿನದಂತೆ ಆರೇಳು ವಾರ. ನಮ್ಮ ಕಡೆಯವರು ಎಡವುವುದು ಇಲ್ಲೇ. ಹೊಸಪೇಟೆ–ಹರಿಹರ ರೈಲು ದಾರಿ ಹಗರಿಬೊಮ್ಮನಹಳ್ಳಿ, ಕೊಟ್ಟೂರು, ಹರಪನಹಳ್ಳಿಯನ್ನು ಮುಟ್ಟುತ್ತದೆ. ಕೂಡ್ಲಿಗಿ, ಹಡಗಲಿಗೆ ಬಸ್ಸೇ ಗತಿ. ದಿನಾ ಹೋಗಿಬರುವುದು ಆಗದ ಮಾತು. ಊರು ಬಿಟ್ಟು ಬಾಡಿಗೆ ಕೋಣೆ ಹಿಡಿಯಬೇಕು, ಜೊತೆಗೊಬ್ಬರು ಇರಬೇಕು, ಇಬ್ಬರ ಕೂಲಿ ಹೋಗುತ್ತದೆ. ಬಾಯಿ ಹುಣ್ಣಾಗಿ ಊಟ ಇಳಿಯುವುದಿಲ್ಲ. ಮೂರನೇ ವಾರಕ್ಕೆ "ಸಾಕು, ಊರಿಗೆ ಹೋಗಣ" ಅನ್ನಿಸುತ್ತದೆ. ಆದರೆ ರೇಡಿಯೇಷನ್ ನಡುವೆ ಬಿಟ್ಟರೆ ಉಳಿದ ಕಣಗಳು ಮತ್ತೆ ಚಿಗುರುತ್ತವೆ. ಒಂದೊಂದು ದಿನ ಹೆಚ್ಚಾದಂತೆ ರೋಗ ಹತೋಟಿಗೆ ಬರುವ ಸಾಧ್ಯತೆ ಸುಮಾರು ಶೇ. 1ರಷ್ಟು ಇಳಿಯುತ್ತದೆ ಅನ್ನುತ್ತವೆ ಅಧ್ಯಯನಗಳು. ಅದಕ್ಕೇ ಶುರು ಮಾಡುವ ಮುಂಚೆಯೇ ಎಲ್ಲಿ ಉಳಿಯುವುದು, ಯಾರು ಜೊತೆಗಿರುವುದು, ಮೂಗಿನ ನಳಿಕೆಯಿಂದ ಊಟ ಕೊಡಬೇಕಾದರೆ ಹೇಗೆ ಅಂತ ಕೇಳಿ ತಿಳಿದುಕೊಳ್ಳಿ.

ಹೊಸ ಔಷಧಗಳ ವಿಚಾರ? ದೇಹದ ರೋಗನಿರೋಧಕ ಶಕ್ತಿಯನ್ನೇ ಕ್ಯಾನ್ಸರ್ ಮೇಲೆ ಎಬ್ಬಿಸುವ ಇಮ್ಯುನೊಥೆರಪಿ ಬಂದಿದೆ. ಪೂರ್ತಿ ಡೋಸಿಗೆ ಲಕ್ಷಗಟ್ಟಲೆ ಖರ್ಚು. ಟಾಟಾ ಮೆಮೋರಿಯಲ್‌ನ ವೈದ್ಯರು ಬೇರೆ ದಾರಿ ಹಿಡಿದರು. ನಿವೊಲುಮ್ಯಾಬ್ ಅನ್ನುವ ಔಷಧವನ್ನು ರೂಢಿಯ 240 ಮಿಲಿಗ್ರಾಂ ಬದಲು ಬರೀ 20 ಮಿಲಿಗ್ರಾಂನಂತೆ ಮೂರು ವಾರಕ್ಕೊಮ್ಮೆ, ಕಡಿಮೆ ಬೆಲೆಯ ಮಾತ್ರೆಗಳ ಜೊತೆ ಕೊಟ್ಟು ನೋಡಿದರು. ವಾಸಿಯಾಗುವ ಹಂತ ದಾಟಿದ 151 ರೋಗಿಗಳ ಮೇಲೆ ನಡೆದ ಅಧ್ಯಯನ ಇದು. ಬರೀ ಮಾತ್ರೆ ತೆಗೆದುಕೊಂಡವರಲ್ಲಿ ಒಂದು ವರ್ಷ ಬದುಕಿದವರು ಶೇ. 16.3, ಈ ಸಣ್ಣ ಡೋಸ್ ಸೇರಿಸಿದವರಲ್ಲಿ ಶೇ. 43.4. ಇದು ರೋಗ ವಾಸಿ ಮಾಡುವ ಔಷಧವಲ್ಲ, ಆಯುಷ್ಯ ಸ್ವಲ್ಪ ಉದ್ದ ಮಾಡುವುದು. ಬಡ ರೋಗಿಗೂ ಅದು ಕೈಗೆಟುಕಬಹುದು ಅನ್ನುವುದೇ ಇದರ ದೊಡ್ಡ ಸುದ್ದಿ.

ಇಷ್ಟೂ ಸಂಶೋಧನೆ ಓದಿದ ಮೇಲೆ ನನಗೆ ಅನ್ನಿಸಿದ್ದು ಒಂದೇ: ಔಷಧ ಅಗ್ಗವಾಗಬಹುದು, ಫೋನೇ ತಜ್ಞರನ್ನು ಮನೆಗೆ ತರಬಹುದು, ಆದರೆ ಕಳೆದ ಕಾಲವನ್ನು ಯಾವ ಸಂಶೋಧನೆಯೂ ವಾಪಸ್ ಕೊಡುವುದಿಲ್ಲ. 2020ರಲ್ಲಿ ಒಂದು ದೊಡ್ಡ ವಿಶ್ಲೇಷಣೆ ಇದನ್ನು ಲೆಕ್ಕ ಹಾಕಿತು. ತಲೆ-ಕುತ್ತಿಗೆ ಕ್ಯಾನ್ಸರ್‌ನಲ್ಲಿ ಆಪರೇಷನ್ ನಾಲ್ಕು ವಾರ ತಡವಾದರೆ ಸಾವಿನ ಅಪಾಯ ಶೇ. 6, ರೇಡಿಯೇಷನ್ ತಡವಾದರೆ ಶೇ. 9 ಹೆಚ್ಚುತ್ತದೆ. "ಸುಗ್ಗಿ ಮುಗೀಲಿ", "ಜಾತ್ರಿ ಆಗ್ಲಿ", "ಮಗಳ ಮದುವಿ ಆಗ್ಲಿ" ಅನ್ನುವ ಒಂದೊಂದು ಮಾತಿಗೂ ಇಷ್ಟು ಬೆಲೆ ಇದೆ.

ಹಾಗಾದರೆ ದಾರಿ ಯಾವುದು? ನಿಮ್ಮ ಊರಿನ ಆಶಾ ಕಾರ್ಯಕರ್ತೆಯನ್ನು ಕೇಳಿ. 30 ದಾಟಿದವರ ಬಾಯಿ ತಪಾಸಣೆ ಸರ್ಕಾರದ ಕಾರ್ಯಕ್ರಮದಲ್ಲೇ ಇದೆ, ದುಡ್ಡಿಲ್ಲ. ಅನುಮಾನ ಬಂದರೆ ಹತ್ತಿರದ ಸರ್ಕಾರಿ ಆಸ್ಪತ್ರೆಯ ದಂತವೈದ್ಯರಿಗೆ ತೋರಿಸಿ. ಅಲ್ಲಿಂದ ಬಳ್ಳಾರಿ ಅಥವಾ ಹುಬ್ಬಳ್ಳಿಯ ಸರ್ಕಾರಿ ವೈದ್ಯಕೀಯ ಕಾಲೇಜು, ಇಲ್ಲವೇ ಬೆಂಗಳೂರಿನ ಕಿದ್ವಾಯಿ. ಹೊರಡುವ ಮುಂಚೆ ರೆಫರಲ್ ಚೀಟಿ, ರೇಷನ್ ಕಾರ್ಡ್, ಆಧಾರ್ ಇಟ್ಟುಕೊಳ್ಳಿ. ಆಯುಷ್ಮಾನ್ ಭಾರತ್–ಆರೋಗ್ಯ ಕರ್ನಾಟಕದಲ್ಲಿ ಬಿಪಿಎಲ್ ಕುಟುಂಬಕ್ಕೆ ವರ್ಷಕ್ಕೆ 5 ಲಕ್ಷ ರೂಪಾಯಿವರೆಗೆ ಚಿಕಿತ್ಸೆ ಸಿಗುತ್ತದೆ. ತಂಬಾಕು ಬಿಡಬೇಕು ಅನ್ನುವವರು 1800-11-2356ಕ್ಕೆ ಕರೆ ಮಾಡಿ. ಅದು ಉಚಿತ ರಾಷ್ಟ್ರೀಯ ಸಹಾಯವಾಣಿ.

ಇವತ್ತು ಇದನ್ನು ಕೇಳಿದವರು ಒಂದು ಕೆಲಸ ಮಾಡಿ. ನಿಮ್ಮ ಮನೆಯಲ್ಲಿ ಜಗಿಯುವವರು ಯಾರಿದ್ದಾರೋ, ಅಪ್ಪ, ಅವ್ವ, ಮಾವ, ಅಣ್ಣ, ಅವರನ್ನು ಬಾಗಿಲ ಬೆಳಕಿಗೆ ಕೂರಿಸಿ "ಸ್ವಲ್ಪ ಬಾಯಿ ತೆಗೀರಿ" ಅನ್ನಿ. ಬೈದಾರು, ಬೈಯಲಿ ಬಿಡಿ. ಎರಡು ನಿಮಿಷದ ಕೆಲಸ ಅದು.