ಗಣಕಯಂತ್ರಕ್ಕೆ ಮುಂಚೆ ಖಾತೆ ಪುಸ್ತಕ



ಸಂಘದ ಲೆಕ್ಕಗಳನ್ನು ಗಣಕಯಂತ್ರಕ್ಕೆ ಏರಿಸಲು ಆಡಳಿತ ಮಂಡಳಿ ನಿರ್ಧರಿಸಿರುವುದು ತಮಗೆ ತಿಳಿದಿದೆ. ‘ಯಂತ್ರ ತಂದರಾಯಿತಲ್ಲ, ಇನ್ನೇಕೆ ತಡ?’ ಎಂದು ಹಲವರು ಕೇಳುತ್ತಿದ್ದಾರೆ.

ಹಿಂದೊಮ್ಮೆ ಗೊಬ್ಬರದ ದಾಸ್ತಾನನ್ನು ಗಣಕಕ್ಕೆ ಹಾಕಿ ನಾನೇ ಎಡವಿದ್ದೇನೆ. ಯಂತ್ರ ಕಚೇರಿಯಲ್ಲಿತ್ತು, ಗೋದಾಮಿನಲ್ಲಿ ಚೀಟಿಯ ಲೆಕ್ಕವೇ ನಡೆದಿತ್ತು. ಹೂಮಳೆ ಬಿದ್ದ ವಾರ ಯಂತ್ರ 40 ಮೂಟೆ ಇದೆ ಎಂದಿತು, ಗೋದಾಮು ಖಾಲಿ. ಬಾಡಿಗೆ ಜೀಪು ಮಾಡಿಕೊಂಡು ಬಂದವರು ಬರಿಗೈಲಿ ಹಿಂತಿರುಗಿದರು.

ಇದೇ ಪಾಠವನ್ನು ಸರ್ಕಾರವೂ ಕಲಿಯಬೇಕಾಯಿತು. ಪಹಣಿಯನ್ನು ಗಣಕಕ್ಕೆ ತರುವ ಪ್ರಯೋಗ ಅಂದಿನ ಗುಲ್ಬರ್ಗ ಜಿಲ್ಲೆಯಲ್ಲಿ 1991ರಲ್ಲೇ ಆರಂಭವಾಗಿತ್ತು. 1996ರ ವೇಳೆಗೆ ಎಲ್ಲ ಜಿಲ್ಲೆಗಳಿಗೂ ಯೋಜನೆ ಮಂಜೂರಾಯಿತು. ಆದರೆ ಖಾತೆ ಬದಲಾಗುವುದು ತಾಲ್ಲೂಕಿನಲ್ಲಿ. ಅಲ್ಲಿಗೆ ಯಂತ್ರವೇ ಇರಲಿಲ್ಲ. ಹೀಗಾಗಿ ನಮೂದಿಸಿದ ಮಾಹಿತಿ ಬೇಗನೆ ಹಳತಾಗುತ್ತಿತ್ತು. ಮುಂದೆ ಬಂದ ‘ಭೂಮಿ’ ಯೋಜನೆ ತಾಲ್ಲೂಕು ಕಚೇರಿಗೇ ಯಂತ್ರವನ್ನು ಒಯ್ದಿತು. ಸುಮಾರು 2 ಕೋಟಿ ಪಹಣಿಗಳನ್ನು ನಮೂದಿಸಿ, ಮೂಲದೊಡನೆ ತಾಳೆ ನೋಡಿ, 2002ರ ವೇಳೆಗೆ ಕೈಬರಹದ ಪಹಣಿಯನ್ನು ನಿಲ್ಲಿಸಲಾಯಿತು. ಅರ್ಜಿಗಳಿಗೆ ಸರದಿ ನಿಗದಿಯಾಯಿತು. ಯಾವುದು ಎಷ್ಟು ದಿನದಿಂದ ಬಾಕಿ ಎಂಬ ವರದಿ ಮೇಲಧಿಕಾರಿಯ ಕಣ್ಣಿಗೆ ಬೀಳತೊಡಗಿತು.

ಇದರಿಂದ ನಾವು ಅಳವಡಿಸಿಕೊಳ್ಳುತ್ತಿರುವ ಕ್ರಮ ಹೀಗಿದೆ.

ಒಂದು: ಯಾರಿಗೆ ಯಾವ ಲೆಕ್ಕ ಬೇಕೆಂಬುದನ್ನು ಮೊದಲು ಬರೆದಿಡುವುದು. ಸದಸ್ಯನಿಗೆ ತನ್ನ ಬಾಕಿ, ಮಂಡಳಿಗೆ ವಾಯಿದೆ ಮೀರಿದ ಸಾಲ.

ಎರಡು: ತೂಕದ ಕಟ್ಟೆ, ಗೋದಾಮು ಎರಡರಲ್ಲೂ ಯಂತ್ರ. ಮಾಲು ಇಳಿದಲ್ಲೇ ನಮೂದು.

ಮೂರು: ಈ ಕೊಯ್ಲಿನ ಅವಧಿಯಲ್ಲಿ ಪುಸ್ತಕ, ಯಂತ್ರ ಎರಡೂ ನಡೆಯುತ್ತವೆ. ಏಪ್ರಿಲ್ 1ರಿಂದ ಪುಸ್ತಕ ಬಂದ್. ಎರಡು ಲೆಕ್ಕ ಬಹುಕಾಲ ನಡೆದರೆ ಎರಡೂ ಕೆಡುತ್ತವೆ.

ನಾಲ್ಕು: ಪ್ರತಿ ತಿಂಗಳು ಒಂದು ಪುಟದ ವರದಿ. ಎಷ್ಟು ಖಾತೆ ಏರಿತು, ಎಷ್ಟು ತಾಳೆಯಾಯಿತು, ಎಷ್ಟರಲ್ಲಿ ತಕರಾರು, ಎಷ್ಟು ಖರ್ಚು. ‘ಕೆಲಸ ಪ್ರಗತಿಯಲ್ಲಿದೆ’ ಎಂಬ ಮಾತಿಗೆ ಅದರಲ್ಲಿ ಜಾಗವಿಲ್ಲ. ಅದೇ ಪುಟ ಕಚೇರಿಯ ಸೂಚನಾ ಫಲಕದಲ್ಲೂ ಇರುತ್ತದೆ.

ಯಂತ್ರಕ್ಕೆ ತಪ್ಪು ಗೊತ್ತಾಗದು. ಹಳೆಯ ಪುಸ್ತಕದಲ್ಲಿ ನನ್ನ ಕೈಬರಹದ 1 ಎಲ್ಲಾದರೂ 7ರಂತೆ ಕಂಡಿದ್ದರೆ, ನಿಮ್ಮ ಬಾಕಿಯೂ ಹಾಗೆಯೇ ಏರುತ್ತದೆ. ಆದ್ದರಿಂದ ದೀಪಾವಳಿಯೊಳಗೆ ಪ್ರತಿಯೊಬ್ಬರೂ ಪಾಸ್ ಪುಸ್ತಕ, ತೂಕದ ಚೀಟಿಗಳೊಡನೆ ಬಂದು, ಲೆಕ್ಕ ತಾಳೆ ನೋಡಿ ಸಹಿ ಹಾಕಬೇಕಾಗಿ ವಿನಂತಿ. ಬರಲಾಗದ ಹಿರಿಯರ ಮನೆಗೆ ನಾವೇ ಬರುತ್ತೇವೆ.

— ಕಾರ್ಯದರ್ಶಿ