ಮೊಬೈಲ್ ಆಟ ನಿಜಕ್ಕೂ ಅಗ್ಗವೇ?

ಕೋಲ್ಕತ್ತದ ಚಾಂದನಿ ಚೌಕ ಎಲೆಕ್ಟ್ರಾನಿಕ್ ಸಾಮಾನಿಗೆ ಹೆಸರಾದ ಪೇಟೆ. ಅಲ್ಲಿ ಆಟದ ಕನ್ಸೋಲಿನ ಬೆಲೆ ಕೇಳಿದ ವಿದ್ಯಾರ್ಥಿ ಜೇಬಿನ ಮೊಬೈಲೇ ಸಾಕು ಅಂತಾನೆ. ಏಕೆ? ಲೆಕ್ಕ ಹಾಕೋಣ.

2021ರ ಫೆಬ್ರವರಿಯಲ್ಲಿ ಪ್ಲೇಸ್ಟೇಷನ್ 5 ಭಾರತಕ್ಕೆ ಬಂದಾಗ ಡಿಸ್ಕ್ ಹಾಕುವ ಮಾದರಿಗೆ 49,990 ರೂಪಾಯಿ. ಟಿ.ವಿ. ಬೇರೆ, ಹೊಸ ಹೊಸ ಆಟಗಳ ಖರ್ಚು ಬೇರೆ. ಮೊಬೈಲಾದರೋ ಪಾಠಕ್ಕೆ, ಮಾತಿಗೆ ಅಂತ ಹೇಗೂ ಕೊಂಡಿರುತ್ತೇವೆ. ಅದನ್ನು ಆಟದ ಖಾತೆಗೆ ಬರೆಯಬೇಕಿಲ್ಲ. 2016ರಲ್ಲಿ ಜಿಯೊ ಬಂದಮೇಲೆ ಡೇಟಾ ಕೂಡ ಅಗ್ಗವಾಯಿತು. ಬಿ.ಜಿ.ಎಂ.ಐ.ಯಂಥ ಆಟ ಇಳಿಸಿಕೊಳ್ಳಲು ಕಾಸೇ ಬೇಡ.

ಹಾಗಾದರೆ ಕಂಪನಿಗೆ ಲಾಭ ಎಲ್ಲಿಂದ? ಆಟದೊಳಗೆ ಉಡುಪು, ಬಂದೂಕಿನ ಬಣ್ಣ ಮಾರ್ತಾರೆ. ಕೊಳ್ಳದೆಯೂ ಆಡಬಹುದು, ಆದರೆ ಕೊಳ್ಳುವ ಆಸೆ ಹುಟ್ಟಿಸೋದೇ ಅವರ ವ್ಯಾಪಾರ. ಕನ್ಸೋಲಿನ ಬೆಲೆ ಮೊದಲೇ ಕಣ್ಣಿಗೆ ಬೀಳುತ್ತೆ. ಇದು ಚಿಲ್ಲರೆಯಾಗಿ ಸೋರುತ್ತೆ.

ಆಡಿ ಗೆಳೆಯರೇ, ಬೇಡ ಅನ್ನೋಲ್ಲ. ತಿಂಗಳ ಕೊನೆಗೆ ಆ ಚಿಲ್ಲರೆಯನ್ನೂ ಕೂಡಿ ನೋಡಿ. ಆಮೇಲೂ ಅಗ್ಗವೆನಿಸಿದರೆ ಅದೇ ನಿಜವಾದ ಅಗ್ಗ.